ಆ ಕಥೆಯಲ್ಲಿ ಯಾರನ್ನು ಬಿಟ್ಟಿದ್ದಾರೆ?

ಚಿಕ್ಕಮಗಳೂರು, ಮೂಡಿಗೆರೆ ಕಡೆ ಒಂದು ಉಪನ್ಯಾಸ ನಡೆದರೆ ಮಾರನೆಯ ದಿನ ಪತ್ರಿಕೆಯಲ್ಲಿ ವರದಿ ಬರುತ್ತದೆ. ಯಾರು ಉದ್ಘಾಟಿಸಿದರು, ಯಾರು ಅಧ್ಯಕ್ಷತೆ ವಹಿಸಿದ್ದರು, ಭಾಷಣಕಾರರು ಏನೆಂದರು, ಅಷ್ಟೇ. ವಿಮರ್ಶೆ ಬರುವುದಿಲ್ಲ. ದೂರದಿಂದ ಬಂದ ಅತಿಥಿಯ ಮಾತಿಗೆ ಎದುರಾಡಬಾರದೆಂಬ ಸಂಕೋಚ ನಮ್ಮದು. ಆದರೆ ಮನುಷ್ಯ ಸರಿ ತಪ್ಪುಗಳನ್ನು ಹೇಗೆ ತೀರ್ಮಾನಿಸುತ್ತಾನೆ ಎನ್ನುವ ನೈತಿಕ ಮನೋವಿಜ್ಞಾನವೇ ಉಪನ್ಯಾಸದ ವಿಷಯವಾದಾಗ ಈ ಸಂಕೋಚ ಬಿಡಲೇಬೇಕು. ಅಲ್ಲಿ ವಿವರಿಸುತ್ತಿರುವುದು ಕೇಳುತ್ತ ಕೂತ ನಮ್ಮ ಮನಸ್ಸನ್ನೇ.

ಇಂಥ ಉಪನ್ಯಾಸಗಳು ನಡೆಯುವುದು ಕಥೆಗಳ ಬಲದ ಮೇಲೆ. 1967ರಲ್ಲಿ ಫಿಲಿಪ್ಪಾ ಫುಟ್ ಮುಂದಿಟ್ಟ ಟ್ರಾಲಿಯ ಪ್ರಶ್ನೆ ಪ್ರಸಿದ್ಧ: ಹಿಡಿತ ತಪ್ಪಿದ ಗಾಡಿಯನ್ನು ಬೇರೆ ಹಳಿಗೆ ತಿರುಗಿಸಿ, ಐವರನ್ನು ಉಳಿಸಲು ಒಬ್ಬನನ್ನು ಸಾಯಗೊಡಬಹುದೇ? ಒಪ್ಪುವವರು ಕೈ ಎತ್ತಿ ಎನ್ನುತ್ತಾರೆ ಉಪನ್ಯಾಸಕರು. ಸಭೆಯಲ್ಲಿ ಒಬ್ಬರ ಕೈ ನೋಡಿ ಇನ್ನೊಬ್ಬರದು ಏಳುತ್ತದೆ. ನಮ್ಮಂಥ ಊರಿನಲ್ಲಿ ಪಕ್ಕದ ಕುರ್ಚಿಯವರು ಸಾಲ ಕೊಟ್ಟವರೋ ಬೀಗರೋ ಆಗಿರುತ್ತಾರೆ. ಆ ಕೈಗಳನ್ನು ಎಣಿಸಿ ಮನುಷ್ಯಸ್ವಭಾವ ಇಂಥದ್ದು ಎಂದಾಗ ವಿಮರ್ಶಕ ತಡೆದು ಕೇಳಬೇಕು.

ಜೊನಾಥನ್ ಹೈಟ್ 2001ರ ಪ್ರಬಂಧದಲ್ಲಿ ವಾದಿಸಿದಂತೆ, ತೀರ್ಪು ಥಟ್ಟನೆ ಮನಸ್ಸಿಗೆ ಬರುತ್ತದೆ, ಕಾರಣವನ್ನು ಆಮೇಲೆ ಹುಡುಕುತ್ತೇವೆ. ಇದರಲ್ಲಿ ಹುರುಳಿದೆ. ಆದರೆ ಆ ವಾದಕ್ಕೆ ಆಧಾರವಾದ ಹೆಸರಾಂತ ಕಥೆಗಳನ್ನು ಯಾರಿಗೂ ಹಾನಿಯಾಗದಂತೆ ಮೊದಲೇ ಹೆಣೆದಿರುತ್ತಾರೆ. ಕೇಳುಗ ಕೊಡಬಹುದಾದ ಕಾರಣಗಳನ್ನೆಲ್ಲ ತೆಗೆದಿಟ್ಟು, ಇವನ ಬಳಿ ಕಾರಣವೇ ಇಲ್ಲ ಎನ್ನುವುದು ನ್ಯಾಯವಾದ ಪರೀಕ್ಷೆಯಲ್ಲ.

ನಮ್ಮ ನಾಡಿನಲ್ಲೇ ನಡೆದ ಅಧ್ಯಯನವೊಂದಿದೆ. ಜೋನ್ ಮಿಲ್ಲರ್ ಮತ್ತು ಡೇವಿಡ್ ಬರ್ಸಾಫ್ ಮೈಸೂರಿನವರಿಗೂ ಅಮೆರಿಕದ ನ್ಯೂ ಹೇವನ್ನಿನವರಿಗೂ ಒಂದೇ ಬಗೆಯ ಕಥೆಗಳನ್ನು ಹೇಳಿ 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಗೆಳೆಯನ ಮದುವೆಗೆ ಉಂಗುರ ತಲುಪಿಸಬೇಕು, ದುಡ್ಡು ಕಳುವಾಗಿದೆ. ಅಪರಿಚಿತನ ರೈಲು ಟಿಕೆಟ್ ಕದ್ದಾದರೂ ಹೋಗಬೇಕೇ? ಸಂಬಂಧದ ಹೊಣೆಯೇ ದೊಡ್ಡದೆಂದವರು ಮೈಸೂರಿನಲ್ಲಿ ಹೆಚ್ಚು. ಅವರಿಗೆ ಗೆಳೆಯನಿಗೆ ಒದಗುವುದು ಮರ್ಜಿಯ ಮಾತಲ್ಲ, ಕರ್ತವ್ಯ.

ಇಷ್ಟು ಸಿಕ್ಕಿದೊಡನೆ ಪಾಶ್ಚಾತ್ಯ ಸಿದ್ಧಾಂತ ನಮಗೆ ಒಗ್ಗುವುದಿಲ್ಲ ಎಂದು ಬರೆದು ಮುಗಿಸುವುದು ಸುಲಭ. ನಾನು ಅದನ್ನು ಒಪ್ಪಲಾರೆ. ಟಿಕೆಟ್ ಕಳೆದುಕೊಂಡವನ ಗತಿಯೇನು? ಅವನಿಗೂ ಯಾವುದೋ ಊರಲ್ಲಿ ಮದುವೆಯಿರಬಹುದು. ಸಂಬಂಧದ ನೀತಿಗೆ ಬೆಲೆ ತೆರುವವನು ಸಂಬಂಧದ ಹೊರಗಿನವನು. ನಮ್ಮ ಕಾಫಿ ತೋಟಗಳಲ್ಲೂ ಹೀಗೆಯೇ. ಸಾಹುಕಾರರು ಕೂಲಿಯವರ ಲೈನಿನ ಹುಡುಗಿಯ ಮದುವೆಗೆ ಹಣ ಕೊಟ್ಟರೆ ಊರು ಹೊಗಳುತ್ತದೆ. ಮನೆ, ಕುಡಿಯುವ ನೀರು, ಔಷಧಿ ದೊಡ್ಡ ತೋಟಗಳ ಹೊಣೆ ಎಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿದ್ದು ಆ ಹೊಗಳಿಕೆಯಲ್ಲಿ ಮರೆತುಹೋಗುತ್ತದೆ.

ಹಾಗಾಗಿ ವಿಮರ್ಶಕ ತನ್ನ ನೆಲದ ಕಥೆಯೊಂದನ್ನು ಎದುರಿಗಿಡಬೇಕು. ಕಾಫಿ ಕುಯ್ಲಿನ ಕಾಲ, ಸಂಜೆ, ಕಣದಲ್ಲಿ ತೂಕ ನಡೆಯುತ್ತಿದೆ ಎಂದುಕೊಳ್ಳಿ. ಒಬ್ಬಳ ಚೀಲ ಸುರಿದರೆ ಕೆಂಪು ಹಣ್ಣಿನ ನಡುವೆ ಹಸಿರು ಕಾಯಿ ಧಾರಾಳ ಕಾಣುತ್ತದೆ. ನಿಯಮದ ಪ್ರಕಾರ ಕಿಲೊ ಕಳೆಯಬೇಕು. ಅವಳು ಮೇಸ್ತ್ರಿಯ ಊರಿನವಳು, ಲೈನಿನಲ್ಲಿ ಮಗುವಿಗೆ ಜ್ವರ. ಮೇಸ್ತ್ರಿ ಪೂರ್ತಿ ತೂಕ ಕೂಗುತ್ತಾನೆ, ತೋಟದ ಲೆಕ್ಕ ಇಡುವ ರೈಟರು ಬರೆದುಕೊಳ್ಳುತ್ತಾರೆ. ಅವಳ ಹಿಂದೆ ನಿಂತವಳು ದಿನವಿಡೀ ಹಣ್ಣನ್ನೇ ಆರಿಸಿ ಕುಯ್ದಿದ್ದಾಳೆ. ಕೈ ನಿಧಾನವಾದದ್ದಕ್ಕೆ ಅವಳ ಚೀಲ ಹಗುರ, ಕೂಲಿಯೂ ಕಡಿಮೆ.

ಮೇಸ್ತ್ರಿಯ ಕರುಣೆಯನ್ನು ಉಪನ್ಯಾಸಕರು ಚೆನ್ನಾಗಿಯೇ ವಿವರಿಸಬಹುದು. ಆದರೆ ಅದನ್ನು ವಿವರಿಸಿದ ಮಾತ್ರಕ್ಕೆ ಅವನು ಮಾಡಿದ್ದು ಸರಿಯೆಂದಾಗುವುದಿಲ್ಲ. ವಿವರಣೆಯಿಂದ ಸಮರ್ಥನೆಗೆ ಉಪನ್ಯಾಸಕರು ಎಲ್ಲಿ ದಾಟಿದರೆಂದು ವಿಮರ್ಶೆ ಬೊಟ್ಟು ಮಾಡಿ ತೋರಿಸಬೇಕು. ಹಿಂದೆ ನಿಂತವಳ ಮೌನದ ಬಗ್ಗೆಯೂ ಕೇಳಬೇಕು. ಅವಳಿಗೆ ಅನ್ಯಾಯ ಕಾಣಲಿಲ್ಲವೆಂದಲ್ಲ. ನಾಳೆ ಅವಳನ್ನು ಕೆಲಸಕ್ಕೆ ಕರೆಯಬೇಕಾದವನೂ ಅದೇ ಮೇಸ್ತ್ರಿ.