ಅಯಸ್ಕಾಂತದ ಮೂಗುಬೊಟ್ಟು: ಹೊಣೆ ಯಾರದು?



ಬೈಹುಲ್ಲಿನೊಡನೆ ತಂತಿಯ ಚೂರು ನುಂಗಿದ ದನದ ಹೊಟ್ಟೆಗೆ ಪಶುವೈದ್ಯರು ಅಯಸ್ಕಾಂತ ಇಳಿಸುವುದುಂಟು. ಅದು ತಂತಿಯನ್ನು ಹಿಡಿದಿಟ್ಟು ಹೃದಯಕ್ಕೆ ಚುಚ್ಚದಂತೆ ತಡೆಯುತ್ತದೆ. ದನವನ್ನು ಉಳಿಸುವ ಇದೇ ವಸ್ತು ಮಗುವಿನ ಕರುಳಲ್ಲಿ ಬೇರೆಯೇ ಕೆಲಸ ಮಾಡುತ್ತದೆ.

ಹಬ್ಬದ ಸಂತೆಗಳಲ್ಲಿ ಮೂಗು ಚುಚ್ಚಿಸದೆ ತೊಡುವ ಮೂಗುಬೊಟ್ಟು ಸಿಗುತ್ತದೆ. ಹೊರಗೊಂದು ಕಲ್ಲು, ಒಳಗೊಂದು ಪುಟ್ಟ ಅಯಸ್ಕಾಂತ. ಕೆಲವು ಮಕ್ಕಳು ಅದನ್ನು ತುಟಿಗೂ ನಾಲಿಗೆಗೂ ಸಿಕ್ಕಿಸಿಕೊಳ್ಳುತ್ತಾರೆ. ಒಂದನ್ನು ನುಂಗಿದರೆ ಬಹುಶಃ ಹೊರಗೆ ಹೋದೀತು. ಎರಡಾದರೆ ಕರುಳಿನ ಎರಡು ಸುರುಳಿಗಳಲ್ಲಿದ್ದುಕೊಂಡು ಒಂದನ್ನೊಂದು ಸೆಳೆದು ನಡುವಿನ ಗೋಡೆಯನ್ನು ಹಿಚುಕುತ್ತವೆ. ರಕ್ತ ಹರಿಯದೆ ಅಲ್ಲಿ ತೂತು ಬೀಳುತ್ತದೆ. ಹೊಟ್ಟೆನೋವು, ವಾಂತಿ, ಜ್ವರ ಕಂಡಾಗ ತಾಯಿ ಅಜೀರ್ಣವೆಂದು ಕಷಾಯ ಕುಡಿಸುತ್ತಾಳೆ. (ಕಷಾಯವನ್ನು ನಾನೂ ಕುಡಿಯುವವನೇ, ಇಲ್ಲಿ ಮಾತ್ರ ಅದು ಬರೀ ಕಾಲಹರಣ.)

ಆಸ್ಟ್ರೇಲಿಯಾ 2012ರಲ್ಲಿ ಇಂಥ ಬಲವಾದ ಸಣ್ಣ ಅಯಸ್ಕಾಂತಗಳನ್ನು ಆಟಿಕೆಯಾಗಿಯೂ ಬಾಯಿ-ಮೂಗಿನ ಆಭರಣವಾಗಿಯೂ ಮಾರದಂತೆ ಕಾಯಂ ನಿಷೇಧ ಹಾಕಿತು. ಅಲ್ಲಿ ತಾನು ಮಾರಿದ ಸರಕಿನಿಂದ ಯಾರಿಗಾದರೂ ತೀವ್ರ ಗಾಯವಾಯಿತೆಂದು ತಿಳಿದರೆ ವ್ಯಾಪಾರಿ ಎರಡು ದಿನದೊಳಗೆ ಸರಕಾರಕ್ಕೆ ತಿಳಿಸಬೇಕು. ಅಮೆರಿಕದಲ್ಲಿ ಆಟದ ಅಯಸ್ಕಾಂತ ಗುಂಡುಗಳ ಮೇಲಿದ್ದ ನಿಯಮವನ್ನು ನ್ಯಾಯಾಲಯ 2016ರಲ್ಲಿ ರದ್ದು ಮಾಡಿತು. ನುಂಗಿದ ಮಕ್ಕಳ ಸಂಖ್ಯೆ ಮತ್ತೆ ಏರಿತು. 2022ರಲ್ಲಿ ಆಭರಣವನ್ನೂ ಸೇರಿಸಿ ಹೊಸ ನಿಯಮ ತರಬೇಕಾಯಿತು.

'ಹೆತ್ತವರು ಜಾಗ್ರತೆ ಮಾಡಲಿ, ವ್ಯಾಪಾರಿಯ ಹೊಟ್ಟೆಗೇಕೆ ಹೊಡೆಯಬೇಕು?' ಎಂದು ಕೇಳುವವರಿದ್ದಾರೆ. ಕಾಸರಗೋಡಿನವರಾದ ನಾವು ಈ ಮಾತು ಆಡಬಾರದು. ಎಂಡೋಸಲ್ಫಾನನ್ನು ನಿಲ್ಲಿಸಿದ್ದು ಜನರ ಜಾಗ್ರತೆಯಲ್ಲ, ನಿಷೇಧ. ಮೊದಲು ಕೇರಳದಲ್ಲಿ, 2011ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ದೇಶಕ್ಕೆಲ್ಲ. ಕೀಟನಾಶಕದ ಡಬ್ಬಿಗೆ ಕೆಂಪು, ಹಳದಿ ತ್ರಿಕೋನದ ಗುರುತಾದರೂ ಇದೆ. ಈ ಮೂಗುಬೊಟ್ಟಿನ ಪೊಟ್ಟಣದ ಮೇಲೆ ಮಾಡಿದವನ ಹೆಸರೂ ಇರುವುದಿಲ್ಲ.

2020ರಿಂದ ಜಾರಿಯಲ್ಲಿರುವ ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ದೋಷವಿರುವ ಸರಕನ್ನು ತಯಾರಿಸಿದವನು ಯಾರೆಂದು ತಿಳಿಯದಿದ್ದರೆ ಮಾರಿದವನೇ ಪರಿಹಾರಕ್ಕೆ ಬಾಧ್ಯನಾಗುತ್ತಾನೆ. ಒಳ್ಳೆಯದೇ, ಆದರೆ ಅದು ಕರುಳು ತೂತಾದ ಮೇಲಿನ ಮಾತು. ಆದುದರಿಂದ ಬರುವ ವಾರ್ಷಿಕ ಹಬ್ಬಕ್ಕೆ ಸ್ಟಾಲು ಕೊಡುವಾಗ 'ಅಯಸ್ಕಾಂತದ ಆಭರಣ ಮಾರಕೂಡದು' ಎಂದು ರಶೀದಿಯಲ್ಲೇ ಬರೆಯಬೇಕೆಂದು ಪಾಲನಾ ಮಂಡಳಿಯನ್ನು ಕೇಳಿಕೊಳ್ಳುತ್ತೇನೆ. ಒಂದೆರಡು ಸ್ಟಾಲಿನ ಬಾಡಿಗೆ ತಪ್ಪಿದರೆ ತಪ್ಪಲಿ.

ಮಗು ನುಂಗಿದ ಸಂಶಯ ಬಂದರೆ ವಾಂತಿ ಮಾಡಿಸಬೇಡಿ, ಭೇದಿಗೆ ಕೊಡಬೇಡಿ. ಎಕ್ಸ್‌ರೇ ಮತ್ತು ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆಗೆ ಆಗಲೇ ಒಯ್ಯಿರಿ. ಅಂಟಿಕೊಂಡ ಎರಡು ತುಂಡುಗಳು ಎಕ್ಸ್‌ರೇಯಲ್ಲಿ ಒಂದೇ ಎಂದು ತೋರಬಹುದು. ಆದ್ದರಿಂದ 'ಅಯಸ್ಕಾಂತ' ಎಂಬ ಶಬ್ದವನ್ನು ವೈದ್ಯರಿಗೆ ಮೊದಲೇ ಹೇಳಿರಿ.