ಎಕ್ಸ್‌ರೇಯಲ್ಲಿ ಕಾಣದ ನೋವಿಗೆ ಬೆಲೆ ಎಷ್ಟು?

ರಸ್ತೆ ಅಪಘಾತ ಎಂದರೆ ಪತ್ರಿಕೆಗಳಲ್ಲಿ ನಾವು ಓದುವುದು ಸಾವಿನ ಲೆಕ್ಕ, ಇಲ್ಲವೇ ಕೈಕಾಲು ಮುರಿದವರ ಲೆಕ್ಕ. ಮಾನಂದವಾಡಿ ರಸ್ತೆಯ ಸಿಗ್ನಲ್‌ನಲ್ಲಿ ನಿಂತ ಆಟೊಗೆ ಹಿಂದಿನಿಂದ ಕಾರೊಂದು ಗುದ್ದಿದರೆ ಅದು ಸುದ್ದಿಯಾಗುವುದಿಲ್ಲ. ಚಾಲಕರಿಬ್ಬರೂ ಇಳಿದು ಜಗಳವಾಡುತ್ತಾರೆ, ಒಂದಿಷ್ಟು ದುಡ್ಡು ಕೈ ಬದಲಾಗುತ್ತದೆ, ಅಲ್ಲಿಗೆ ರಾಜಿ. ಒಳಗೆ ಕೂತಿದ್ದವರ ಕತ್ತು ಏನಾಯಿತು ಎಂದು ಯಾರೂ ಕೇಳುವುದಿಲ್ಲ.

ಬಿಇ ಓದುವ ನನಗೆ ಇದು ಮೊದಲು ಜಡತ್ವದ ಪಾಠ. ಹಿಂದಿನಿಂದ ಗುದ್ದಿದಾಗ ಸೀಟು ನಮ್ಮ ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ, ತಲೆ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಆ ಕ್ಷಣದಲ್ಲಿ ಕತ್ತು ‘ಎಸ್’ ಆಕಾರಕ್ಕೆ ಬಾಗಿ, ಮರುಕ್ಷಣ ಚಾಟಿಯಂತೆ ಮುಂದಕ್ಕೆ ಬೀಸುತ್ತದೆ. ಇದಕ್ಕೇ ವಿಪ್‌ಲ್ಯಾಶ್ ಎನ್ನುತ್ತಾರೆ. ವಾಹನ ನುಜ್ಜುಗುಜ್ಜಾಗಬೇಕೆಂದೇನೂ ಇಲ್ಲ. ಕಾರಿನಲ್ಲಾದರೆ ತಲೆಯನ್ನು ತಡೆಯಲು ಹೆಡ್‌ರೆಸ್ಟ್ ಇದೆ (ಅದನ್ನು ತಲೆಯ ಎತ್ತರಕ್ಕೆ ಏರಿಸಿಕೊಳ್ಳುವವರು ಎಷ್ಟು ಜನ ಎನ್ನುವುದು ಬೇರೆ ಮಾತು). ಆಟೊದಲ್ಲಿ ಅದೂ ಇಲ್ಲ. ನೋವು ಆಗಲೇ ಕಾಣಿಸಿಕೊಳ್ಳದೆ, ಕೆಲವು ಗಂಟೆಗಳ ನಂತರ ಅಥವಾ ಮಾರನೆಯ ದಿನ ಶುರುವಾಗಬಹುದು. ಅಷ್ಟರಲ್ಲಿ ರಾಜಿ ಮುಗಿದಿರುತ್ತದೆ!

ವಿದ್ಯಾರಣ್ಯಪುರಂನ ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಅಕ್ಕ ಒಬ್ಬರಿದ್ದಾರೆ. ಅವರಿಗೆ ಆಗಿದ್ದೂ ಹೀಗೆಯೇ. ಎಕ್ಸ್‌ರೇ ನೋಡಿ, ‘ಮೂಳೆ ಸರಿಯಾಗಿದೆ, ಏನೂ ಇಲ್ಲ’ ಎಂದು ಕಳುಹಿಸಿದರು. ಏನೂ ಇಲ್ಲದ ಆ ಕತ್ತಿನಿಂದ ಮೂರು ವಾರ ಮಿಷನ್ ಮುಂದೆ ಬಗ್ಗಿ ಕೂರಲು ಆಗಲಿಲ್ಲ. ಬಂದ ದಸರಾ ಆರ್ಡರ್‌ಗಳೆಲ್ಲ ವಾಪಸ್ ಹೋದವು. ಸ್ನಾಯು ಮತ್ತು ಅಸ್ಥಿರಜ್ಜುಗಳ ಗಾಯ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಕಾನೂನು ಈ ವಿಷಯದಲ್ಲಿ ನಾವಂದುಕೊಂಡಷ್ಟು ಕುರುಡಲ್ಲ. ಮೂಳೆ ಮುರಿತ, ಹಲ್ಲು ಮುರಿತಗಳನ್ನು ತೀವ್ರ ಗಾಯವೆಂದು ಪಟ್ಟಿ ಮಾಡುವ ಭಾರತೀಯ ನ್ಯಾಯ ಸಂಹಿತೆಯ 116ನೇ ಸೆಕ್ಷನ್, ಹದಿನೈದು ದಿನ ತೀವ್ರ ನೋವು ಅನುಭವಿಸಿದರೆ ಅಥವಾ ಎಂದಿನ ಕೆಲಸ ಮಾಡಲಾಗದಿದ್ದರೆ ಅದೂ ತೀವ್ರ ಗಾಯವೇ ಎನ್ನುತ್ತದೆ. ಹಳೆಯ ಐಪಿಸಿಯಲ್ಲಿ ಇದು ಇಪ್ಪತ್ತು ದಿನವಿತ್ತು. ಆದರೆ ಮುರಿದ ಮೂಳೆಗೆ ಎಕ್ಸ್‌ರೇ ಸಾಕ್ಷಿ ಹೇಳುತ್ತದೆ, ಹದಿನೈದು ದಿನದ ನೋವಿಗೆ ಸಾಕ್ಷಿ ಹೇಳಬೇಕಾದದ್ದು ಆಸ್ಪತ್ರೆಯ ಚೀಟಿಗಳು. ಗುದ್ದಿದ ದಿನವೇ ಎಂಎಲ್‌ಸಿ ಮಾಡಿಸಿಲ್ಲ, ವೂಂಡ್ ಸರ್ಟಿಫಿಕೇಟ್ ಇಲ್ಲ, ಫಿಸಿಯೊಥೆರಪಿಯ ರಸೀದಿ ಇಲ್ಲ ಎಂದಾದರೆ ವಿಮಾ ಕಂಪನಿಯ ವಕೀಲರು ‘ಈ ನೋವು ಅಪಘಾತದ್ದೇ ಎನ್ನಲು ಏನು ಆಧಾರ?’ ಎಂದು ಕೇಳಿಯೇ ಕೇಳುತ್ತಾರೆ.

ಇನ್ನು ಪರಿಹಾರದ ಮೊತ್ತ. ಅಂಗವೈಕಲ್ಯದ ಶೇಕಡಾವಾರು ಲೆಕ್ಕವನ್ನೇ ಹಿಡಿಯಬೇಡಿ, ಆ ವ್ಯಕ್ತಿಯ ದುಡಿಮೆಗೆ ಏನಾಯಿತು ಎಂದು ನೋಡಿ ಎಂದು ರಾಜ್‌ಕುಮಾರ್–ಅಜಯ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಗುಣವಾಗುವ ಸಾಮಾನ್ಯ ಗಾಯಗಳಿಗೆ ಚಿಕಿತ್ಸೆಯ ವೆಚ್ಚ, ಆ ದಿನಗಳ ಸಂಪಾದನೆ ನಷ್ಟ, ನೋವಿಗಿಷ್ಟು, ಹೆಚ್ಚುಕಡಿಮೆ ಇಷ್ಟೇ. ಸಂಬಳದ ಚೀಟಿಯೇ ಇಲ್ಲದ ನಮ್ಮಂಥ ವಿದ್ಯಾರ್ಥಿಗಳ ಗತಿಯೇನು? ಅದೇ 2010ರಲ್ಲಿ ಇನ್ನೊಂದು ತೀರ್ಪು ಬಂತು. ಮೆಸ್ರಾದ ಬಿಐಟಿಯಲ್ಲಿ ಕೊನೆಯ ವರ್ಷದ ಮೆಕ್ಯಾನಿಕಲ್ ಓದುತ್ತಿದ್ದ ಹುಡುಗನೊಬ್ಬ 1993ರಲ್ಲಿ ಬಲಗೈ ಕಳೆದುಕೊಂಡಿದ್ದ. ಅವನು ದುಡಿಯಬಹುದಾಗಿದ್ದದ್ದು ವರ್ಷಕ್ಕೆ 60,000 ರೂಪಾಯಿ ಎಂದು ಅಂದಾಜಿಸಿ, ಪರಿಹಾರವನ್ನು 9.06 ಲಕ್ಷಕ್ಕೆ ಏರಿಸಿದರು. ಅಂದರೆ ಮುಂದೆ ಸಿಗಬಹುದಾದ ಕೆಲಸಕ್ಕೂ ಬೆಲೆ ಇದೆ. ಆದರೆ ಅದು ಕೈ ಹೋದವನ ಕತೆ. ಕತ್ತುನೋವಿನಿಂದ ಕ್ಯಾಂಪಸ್ ಸಂದರ್ಶನ ತಪ್ಪಿಸಿಕೊಂಡವರ ನಷ್ಟವನ್ನು ಸಾಬೀತು ಮಾಡುವುದು ಅಷ್ಟು ಸುಲಭವಲ್ಲ.

ಇಂಗ್ಲೆಂಡಿನಲ್ಲಿ ಇದರ ತಿರುವುಮುರುವು ನಡೆದಿದೆ. ಅಲ್ಲಿ ವಿಪ್‌ಲ್ಯಾಶ್ ಹೆಸರಲ್ಲಿ ಅರ್ಜಿಗಳು ತೀರಾ ಹೆಚ್ಚಾದವೆಂದು, ಸುಳ್ಳು ಅರ್ಜಿಗಳೂ ಸೇರಿವೆಯೆಂದು, 2021ರ ಮೇ 31ರಿಂದ ದರಪಟ್ಟಿಯನ್ನೇ ತಂದರು. 2021ರ ಆ ಪಟ್ಟಿಯಲ್ಲಿ ಮೂರು ತಿಂಗಳೊಳಗೆ ವಾಸಿಯಾದರೆ 240 ಪೌಂಡ್, ಒಂದೂವರೆಯಿಂದ ಎರಡು ವರ್ಷ ಕಾಡಿದರೆ 4,215 ಪೌಂಡ್ ಎಂದಿತ್ತು. ವೈದ್ಯಕೀಯ ವರದಿ ಇಲ್ಲದೆ ರಾಜಿ ಮಾಡಿಕೊಳ್ಳುವಂತೆಯೇ ಇಲ್ಲ. ದರಪಟ್ಟಿ ನನಗೆ ಇಷ್ಟವಾಗಲಿಲ್ಲ. ಹೊಲಿಗೆಯವರ ಕತ್ತೂ ನನ್ನ ಕತ್ತೂ ಒಂದೇ ದರಕ್ಕೆ ಹೋಗುವುದು ನ್ಯಾಯವಲ್ಲ. ವರದಿಯಿಲ್ಲದೆ ರಾಜಿಯಿಲ್ಲ ಎಂಬ ನಿಯಮ ಮಾತ್ರ ನಮ್ಮ ಸಿಗ್ನಲ್‌ಗಳಿಗೂ ಬರಬೇಕು.

ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ, ಅಪಘಾತ ಎಲ್ಲೇ ಆಗಿರಲಿ, ನಾವು ವಾಸವಿರುವ ಊರಿನ ನ್ಯಾಯಮಂಡಳಿಗೇ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲಿ ಗುದ್ದಿಸಿಕೊಂಡವರು ಮೈಸೂರಿನಲ್ಲೇ ಕೇಳಬಹುದು. 2022ರ ಏಪ್ರಿಲ್‌ನಿಂದ ಇದಕ್ಕೆ ಆರು ತಿಂಗಳ ಗಡುವು ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್, ತಡವಾಯಿತೆಂಬ ಒಂದೇ ಕಾರಣಕ್ಕೆ ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಕೊಟ್ಟಿದೆ. ಅಂತಿಮ ತೀರ್ಪು ಹೇಗೆ ಬಂದರೂ, ಮೊದಲ ದಿನದ ಆಸ್ಪತ್ರೆ ಚೀಟಿಯನ್ನು ಆರು ತಿಂಗಳ ನಂತರ ಹೋಗಿ ಬರೆಸಿಕೊಳ್ಳಲು ಆಗುವುದಿಲ್ಲ.