ಕಾಡಂಚಿನ ಅಲಂಕಾರ, ಅಂಗಡಿಯ ಲೆಕ್ಕ

ಗೋಣಿಕೊಪ್ಪಲಿನಿಂದ ಪೊನ್ನಂಪೇಟೆ, ಹುದಿಕೇರಿ, ಶ್ರೀಮಂಗಲಗಳನ್ನು ಹಾದು ಕುಟ್ಟಕ್ಕೆ ಸಾಗುವ ರಸ್ತೆಯ ಇಕ್ಕೆಲದ ಹೋಂಸ್ಟೇಗಳ ಜಗಲಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಬದಲಾವಣೆ ಎದ್ದು ಕಾಣುತ್ತದೆ. ಪ್ಲಾಸ್ಟಿಕ್ ಹೂಗುಚ್ಛಗಳು ಮೂಲೆ ಸೇರಿವೆ. ಅವುಗಳ ಜಾಗದಲ್ಲಿ ಕಾಫಿ ಬೊಡ್ಡೆಯ ಮೇಲೆ ಗಾಜು ಕೂರಿಸಿದ ಟೀಪಾಯಿ, ಹೊಳೆಯಲ್ಲಿ ತೇಲಿ ಬಂದ ಬೇರು, ಬಾಯಿ ಬಿಟ್ಟ ಬೂರುಗದ ಕಾಯಿ, ಒಣಗಿದ ಸಿಲ್ವರ್ ಓಕ್ ಎಲೆಗಳ ತೋರಣ ಬಂದಿವೆ. ತಂಗಲು ಬಂದ ಅತಿಥಿ ಅವನ್ನು ನೋಡಿ ಬೆಲೆ ಕೇಳುತ್ತಾನೆ. ಅಲ್ಲಿಂದ ವ್ಯಾಪಾರ ಆರಂಭವಾಗುತ್ತದೆ. ದುರದೃಷ್ಟವಶಾತ್ ತಪ್ಪು ಲೆಕ್ಕವೂ ಅಲ್ಲಿಂದಲೇ ಆರಂಭವಾಗುತ್ತದೆ.

ಹೊರಗಿನ ನಿಸರ್ಗವನ್ನು ಮನೆಯೊಳಗೆ ತರುವುದು ಕೊಡಗಿಗೆ ಹೊಸತಲ್ಲ. ಪುತ್ತರಿಯಂದು ಎಲೆಗಳೊಂದಿಗೆ ಕದಿರು ಕಟ್ಟುವ ಪದ್ಧತಿಯಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯ ನಳಿಗೆಗೆ ಸಿಕ್ಕಿಸುವ ತೋಕ್‌ಪೂವು ಬೇಲಿ, ಪೊದೆಗಳಲ್ಲಿ ತಾನಾಗಿ ಅರಳುವ ಹೂವು. ಹಳೆಯ ಐನ್‌ಮನೆಗಳ ಗೋಡೆಗಳಲ್ಲಿ ಬೇಟೆಯ ಕೊಂಬುಗಳೂ ಇದ್ದವು. ಆದರೆ ಆ ಯಾವುದಕ್ಕೂ ಬೆಲೆಪಟ್ಟಿ ಇರಲಿಲ್ಲ. ಇಂದು ಬೆಲೆಪಟ್ಟಿ ಅಂಟಿಸಿದ ಕ್ಷಣದಿಂದ ಅದೇ ಎಲೆ, ಅದೇ ಕಾಯಿ ಮೂರು ನಾಲ್ಕು ಕಾಯ್ದೆಗಳ ಕಕ್ಷೆಯೊಳಗೆ ಬರುತ್ತದೆ.

ಮೊದಲಿಗೆ ತಯಾರಿಕಾ ವೆಚ್ಚ. "ಮಾಲು ಪುಕ್ಕಟೆ, ಬಂದದ್ದೆಲ್ಲ ಲಾಭ" ಎಂಬ ನಂಬಿಕೆ ಈ ಕಸುಬಿನಲ್ಲಿ ಆಳವಾಗಿ ಬೇರೂರಿದೆ. ಬಾಗಿಲಿಗೆ ತೂಗುಹಾಕುವ ಕಾಯಿ-ಬಳ್ಳಿಗಳ ಒಂದು ಚಕ್ರವನ್ನು ಹುದಿಕೇರಿಯ ಗೃಹಿಣಿಯೊಬ್ಬರು ಅಂಗಡಿಗೆ 350 ರೂ.ಗೆ ಕೊಡುತ್ತಾರೆ ಎಂದಿಟ್ಟುಕೊಳ್ಳಬಹುದು. ಅಂಟು, ದಾರ, ವಾರ್ನಿಷ್‌ಗೆ 60 ರೂ., ರಟ್ಟಿನ ಪೆಟ್ಟಿಗೆಗೆ 40 ರೂ. ಕಳೆದರೆ 250 ರೂ. ಉಳಿಯಿತೆಂದು ಅವರ ಎಣಿಕೆ. ಆಯ್ದು ತರಲು ಒಂದು ಗಂಟೆ, ತೊಳೆದು ಒಣಗಿಸಲು ಒಂದು ಗಂಟೆ, ಕಟ್ಟಲು ಮೂರು ಗಂಟೆ ಹಿಡಿದರೆ, ಗಂಟೆಗೆ 60 ರೂ.ನಂತೆ ಕೂಲಿಯೇ 300 ರೂ. ಆಯಿತು. ಒಟ್ಟು ವೆಚ್ಚ 400 ರೂ. ಹತ್ತರಲ್ಲಿ ಒಂದು ಮುರಿದರೆ ಉಳಿದ ಒಂಬತ್ತರ ಮೇಲೆ ತಲಾ ಸುಮಾರು 444 ರೂ. ಬೀಳುತ್ತದೆ. ಅಂದರೆ ಪ್ರತಿ ಚಕ್ರಕ್ಕೆ 94 ರೂ. ನಷ್ಟ. ಅದನ್ನೇ 700 ರೂ.ಗೆ ಮಾರುವ ಅಂಗಡಿಯವರು ಮಾತ್ರ ಇದನ್ನು ಗೃಹೋದ್ಯಮಕ್ಕೆ ನೀಡಿದ ಪ್ರೋತ್ಸಾಹವೆಂದು ಕರೆಯುತ್ತಾರೆ. ತನ್ನ ಶ್ರಮಕ್ಕೆ ಬೆಲೆ ಕಟ್ಟದ ತಯಾರಕಿ ಎರಡು ಹಂಗಾಮಿನ ನಂತರ ಕೆಲಸ ನಿಲ್ಲಿಸುತ್ತಾರೆ. ಆಗ ಅಂಗಡಿಗೂ ಮಾಲಿಲ್ಲ.

ಹಂಗಾಮಿನ ಪ್ರಶ್ನೆಯೂ ಚಿಕ್ಕದಲ್ಲ. ಕಾಯಿಗಳು ಒಣಗಿ ಉದುರುವುದು ಬಹುಮಟ್ಟಿಗೆ ಬೇಸಿಗೆಯಲ್ಲಿ. ಕಾಫಿ ಕೊಯ್ಲು, ಒಣಗಿಸುವಿಕೆಗಳ ಕೊನೆಯೂ ಅದೇ ಕಾಲ, ಕಣವೂ ಒಂದೇ. ಕೈಗೆ ಬಿಡುವು ಸಿಗುವುದು ಮಳೆಗಾಲದಲ್ಲಿ, ಆದರೆ ಆಗ ದಕ್ಷಿಣ ಕೊಡಗಿನ ತೇವಕ್ಕೆ ಒಣಗದ ವಸ್ತುವೆಲ್ಲ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಬೇಸಿಗೆಯ ಕೆಲವು ವಾರಗಳಲ್ಲಿ ಶೇಖರಿಸಿ, ಗಾಳಿಯಾಡದ ಡಬ್ಬಿಗಳಲ್ಲಿಟ್ಟು, ಮಳೆಗಾಲದಲ್ಲಿ ಕಟ್ಟುವುದೊಂದೇ ದಾರಿ. ಕಾಫಿ ಬೊಡ್ಡೆಯ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಅಗತ್ಯ. ರೊಬಸ್ಟಾ ಬೊಡ್ಡೆ ಬಿಳಿ ಕಾಂಡಕೊರಕದ ಹಾವಳಿಯಿಂದ ಮುಕ್ತ. ಅರೇಬಿಕಾ ಹಾಗಲ್ಲ. ಕೊರಕ ಹಿಡಿದ ಅರೇಬಿಕಾ ಗಿಡವನ್ನು ಕಿತ್ತು ಸುಡಬೇಕೆಂಬುದು ಬೆಳೆಗಾರರಿಗೆಲ್ಲ ಗೊತ್ತಿರುವ ನಿಯಮ. ಅದನ್ನು ಸುಡದೆ ಪೀಠೋಪಕರಣ ತಯಾರಕರಿಗೆ ಮಾರುವುದು ನೆರೆಯ ತೋಟಕ್ಕೆ ಹುಳು ಕಳುಹಿಸಿದಂತೆ.

ಇನ್ನು ಕಾನೂನು. ಬಹುಪಾಲು ವರ್ತಕರು ಎಡವುವುದು ಇಲ್ಲಿಯೇ. 2018 ಮತ್ತು 2019ರ ಮಹಾಮಳೆಯಂತಹ ಸಂದರ್ಭಗಳಲ್ಲಿ ಹೊಳೆಗಳು ಬೇರು, ದಿಮ್ಮಿಗಳನ್ನು ದಡಕ್ಕೆ ತಂದು ಎಸೆಯುತ್ತವೆ. ಮಾಲೀಕನಿಲ್ಲದ ವಸ್ತುವೆಂದು ಜನ ಅದನ್ನು ಮನೆಗೆ ಒಯ್ಯುತ್ತಾರೆ. ಆದರೆ ತೇಲಿ ಬಂದ, ದಡ ಸೇರಿದ ಮರವು, ಯಾರಾದರೂ ತಮ್ಮ ಹಕ್ಕನ್ನು ಸಾಬೀತುಪಡಿಸುವವರೆಗೆ, ಸರ್ಕಾರದ ಸೊತ್ತು ಎಂಬುದು ಬ್ರಿಟಿಷರ ಕಾಲದಿಂದಲೂ ಅರಣ್ಯ ಕಾಯ್ದೆಯಲ್ಲಿರುವ ತತ್ತ್ವ. ಕೊಡಗಿನಲ್ಲಿ ಇದರ ಜೊತೆಗೆ ರಿಡೀಮ್ಡ್, ಅನ್‌ರಿಡೀಮ್ಡ್ ಜಮೀನುಗಳ ತೊಡಕು ಬೇರೆ. ತನ್ನದೇ ತೋಟದ ಮರದ ಮೇಲೆ ಯಾರ ಹಕ್ಕು ಎಷ್ಟು ಎಂಬುದೇ ಕಾಗದಪತ್ರ ನೋಡದೆ ಹೇಳಲಾಗದ ಜಿಲ್ಲೆಯಿದು. ವಾರ್ನಿಷ್ ಹಚ್ಚಿದ ಮೇಲೆ ಬೀಟೆಯ ಬೇರಿಗೂ ಇತರ ಬೇರಿಗೂ ಇರುವ ವ್ಯತ್ಯಾಸ ತಪಾಸಣೆಯವರ ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಹೀಗಾಗಿ ಸಂಶಯದ ಹೊರೆಯೆಲ್ಲ ಗಾಡಿಯಲ್ಲಿ ಮಾಲಿಟ್ಟುಕೊಂಡವನ ಮೇಲೆ.

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972 ಇದಕ್ಕಿಂತ ಕಟ್ಟುನಿಟ್ಟು. ತಾನಾಗಿ ಉದುರಿದ ಜಿಂಕೆಯ ಕೊಂಬನ್ನೂ ಆಯ್ದು ತಂದು ಮಾರುವಂತಿಲ್ಲ. ಕಾಯ್ದೆಯು 'ಟ್ರೋಫಿ' ಎಂಬ ಪದಕ್ಕೆ ನೀಡಿರುವ ವ್ಯಾಖ್ಯೆಯಲ್ಲಿ ಕೊಂಬು, ಉಗುರು, ಗರಿಗಳಷ್ಟೇ ಅಲ್ಲ, ಗೂಡು ಮತ್ತು ಜೇನುಹುಟ್ಟುಗಳೂ ಸೇರಿವೆ. ಸಂತೆಯಲ್ಲಿ ಕೊಂಡು ಬಾಗಿಲಿಗೆ ತೂಗುಹಾಕುವ ಗೀಜಗನ ಗೂಡು ಎಷ್ಟು ಜನರನ್ನು ತೊಂದರೆಗೆ ಸಿಲುಕಿಸಬಹುದೆಂದು ಯಾರೂ ಯೋಚಿಸಿದಂತಿಲ್ಲ. ನವಿಲುಗರಿಗೆ ದೇಶದೊಳಗಿನ ವಹಿವಾಟಿನಲ್ಲಿ ವಿನಾಯಿತಿ ಉಂಟು, ರಫ್ತಿಗೆ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಹುಲಿಯುಗುರಿನ ಪದಕಗಳ ಪ್ರಕರಣ ರಾಜ್ಯದಾದ್ಯಂತ ಸುದ್ದಿಯಾದ ಮೇಲೆ ಹಲವರು ಕಪಾಟು ತೆರೆದು ನೋಡಿಕೊಂಡರು. ವರ್ತಕರು ದಾಸ್ತಾನು ತೆರೆದು ನೋಡುವುದು ಇನ್ನೂ ಬಾಕಿ ಇದೆ.

ಇದೇ ಕಾನೂನಿನ ಲೋಕದಲ್ಲಿ ಅವಕಾಶವೂ ಇದೆ. 2006ರ ಅರಣ್ಯ ಹಕ್ಕುಗಳ ಕಾಯ್ದೆಯು ಕಿರು ಅರಣ್ಯ ಉತ್ಪನ್ನಗಳ ಪಟ್ಟಿಯಲ್ಲಿ ಬಿದಿರು, ಬೆತ್ತ, ಜೇನಿನ ಜೊತೆಗೆ ಕುರುಚಲು ಕಟ್ಟಿಗೆ, ಬೊಡ್ಡೆಗಳನ್ನೂ ಸೇರಿಸಿ, ಅವುಗಳ ಒಡೆತನವನ್ನು ಅರಣ್ಯವಾಸಿ ಸಮುದಾಯಗಳಿಗೆ ನೀಡಿದೆ. 2012ರ ತಿದ್ದುಪಡಿ ನಿಯಮಗಳು ಸಾಗಣೆ ಪರವಾನಗಿ ನೀಡುವ ಕೆಲಸವನ್ನು ಗ್ರಾಮಸಭೆಯ ಸಮಿತಿಗೆ ವಹಿಸಿವೆ. ಜೇನುಕುರುಬ, ಯರವ ಕುಟುಂಬಗಳು ಹಕ್ಕಿನಿಂದ ಸಂಗ್ರಹಿಸಿದ್ದನ್ನು ಚೀಟಿಯೊಂದಿಗೆ ಕೊಂಡರೆ ವರ್ತಕನ ಕೈ ಶುದ್ಧ, ಅವರಿಗೂ ನ್ಯಾಯವಾದ ಬೆಲೆ. ನಾಗರಹೊಳೆಯನ್ನು ಆವರಿಸುತ್ತಿರುವ ಲಂಟಾನವಂತೂ ಕಡಿದಷ್ಟೂ ಕಾಡಿಗೆ ಒಳಿತು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಪೀಠೋಪಕರಣ ಮಾಡುತ್ತಾರೆ. ನೆರೆಯ ನೀಲಗಿರಿಯ ಗೂಡಲೂರು ಭಾಗದ ಆದಿವಾಸಿಗಳು ಲಂಟಾನ ಕಡ್ಡಿಯಿಂದ ಹೆಣೆದ ಆಳೆತ್ತರದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ, 2024ರಲ್ಲಿ ನ್ಯೂಯಾರ್ಕ್ ನಗರದಲ್ಲಿ ನಿಂತಿದ್ದವು. ಪೊನ್ನಂಪೇಟೆಯಲ್ಲಿ 1995ರಿಂದ ಅರಣ್ಯ ಮಹಾವಿದ್ಯಾಲಯವೇ ಇರುವಾಗ ಈ ಭಾಗದ ತಯಾರಕರು ಯಾವ ಕಡ್ಡಿಯನ್ನು ಹೇಗೆ ಹದಗೊಳಿಸಬೇಕೆಂದು ಅಲ್ಲಿಗೆ ಹೋಗಿ ಕೇಳದಿರುವುದು ಆಶ್ಚರ್ಯ.

ತೆರಿಗೆಯ ವಿಷಯದಲ್ಲಿ ಎರಡು ಮಾತು ಸಾಕು. ಕಾಫಿ ಬೆಳೆಗಾರರು ಅಲಂಕಾರ ವಸ್ತುಗಳ ಮಾರಾಟವನ್ನು ತೋಟದ ಖಾತೆಗೆ ಜಮಾ ಮಾಡಿ ಕೃಷಿ ಆದಾಯವೆಂದು ತೋರಿಸುವ ಅಭ್ಯಾಸ ಸರಿಯಲ್ಲ. ಉಳುಮೆ, ಬಿತ್ತನೆಯಂತಹ ಮೂಲ ಕೃಷಿಕಾರ್ಯವಿಲ್ಲದೆ ತಾನಾಗಿ ಬೆಳೆದದ್ದರ ಆದಾಯ ಕೃಷಿ ಆದಾಯವಲ್ಲ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯ 1957ರಲ್ಲಿಯೇ ರಾಜಾ ಬಿನಯ್ ಕುಮಾರ್ ಸಹಸ್ ರಾಯ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಜಿಎಸ್‌ಟಿಯಲ್ಲಿ 2025ರ ಸೆಪ್ಟೆಂಬರ್ 22ರಿಂದ ಅನೇಕ ಕರಕುಶಲ ವಸ್ತುಗಳ ದರ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಆದರೆ ಮರದ ಪೀಠೋಪಕರಣಕ್ಕೆ ಶೇ. 18 ಹಾಗೆಯೇ ಇದೆ. ಕಾಫಿ ಬೊಡ್ಡೆ ಗಾಜು ಹೊತ್ತ ಕೂಡಲೇ ಪೀಠೋಪಕರಣವಾಗಿಬಿಡುತ್ತದೆ ಎಂಬುದನ್ನು ಬೆಲೆ ನಿಗದಿ ಮಾಡುವ ಮುನ್ನವೇ ನೆನಪಿಡಬೇಕು.

ಸರಕುಗಳಿಗೆ ನೋಂದಣಿಯ ಮಿತಿ 2019ರ ಏಪ್ರಿಲ್‌ನಿಂದ 40 ಲಕ್ಷ ರೂ. ಇರುವುದರಿಂದ ಸಣ್ಣ ತಯಾರಕರಿಗೆ ರಾಜ್ಯದೊಳಗೆ ಚಿಂತೆಯಿಲ್ಲ. ಹೊರರಾಜ್ಯಕ್ಕೆ ಮಾರಿದರೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯ. ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ ಮಾತ್ರ 20 ಲಕ್ಷ ರೂ.ವರೆಗೆ ವಿನಾಯಿತಿ. ಕಾಯಿ-ಬಳ್ಳಿಗಳ ಚಕ್ರ ಆ ಪಟ್ಟಿಯ ಯಾವ ಸಾಲಿನಲ್ಲಿ ಸೇರುತ್ತದೆಂದು ಇಬ್ಬರು ಸಲಹೆಗಾರರು ಒಂದೇ ಉತ್ತರ ಕೊಡಲಾರರು. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿಯೂ ಬುಟ್ಟಿ ಹೆಣೆಯುವವರಿಗೆ, ಹೂಮಾಲೆ ಕಟ್ಟುವವರಿಗೆ ಸ್ಥಾನವಿದೆ, ಇವರಿಗೆ ನೇರವಾಗಿ ಇಲ್ಲ.

ವಾಣಿಜ್ಯ ಸಂಸ್ಥೆಗಳು ಸರ್ಕಾರದ ಮುಂದಿಡಬೇಕಾದ ಬೇಡಿಕೆ ಸಹಾಯಧನವಲ್ಲ. ಯಾವ ವಸ್ತುವನ್ನು ಎಲ್ಲಿಂದ ಆಯ್ದುಕೊಳ್ಳಬಹುದು ಎಂಬ ಒಂದು ಪುಟದ ಕನ್ನಡ ಪಟ್ಟಿಯನ್ನು ಅರಣ್ಯ ಇಲಾಖೆ ಪ್ರಕಟಿಸಲಿ. ಅದು ಬರುವವರೆಗೆ ವರ್ತಕರು ಖರೀದಿ ಪುಸ್ತಕದಲ್ಲಿ ದಿನಾಂಕ, ಮಾರಿದವರ ಹೆಸರು, ತೋಟದ ಸರ್ವೆ ನಂಬರು, ವಸ್ತು, ತೂಕ ಬರೆದುಕೊಂಡು ಸಹಿ ಪಡೆಯಲಿ. ಐದು ಅಂಕಣದ ಈ ಪುಸ್ತಕಕ್ಕೆ ತಗಲುವುದು ನೂರು ರೂಪಾಯಿಯೂ ಅಲ್ಲ.

ಇ-ವೇ ಬಿಲ್ಲಿನ ನಿಯಮವೊಂದನ್ನೂ ಪರಿಷ್ಕರಿಸಬೇಕಾಗಿದೆ. ನೋಂದಣಿಯಿಂದ ವಿನಾಯಿತಿ ಪಡೆದ ಕರಕುಶಲ ತಯಾರಕರು ಹೊರರಾಜ್ಯಕ್ಕೆ ಮಾಲು ಕಳುಹಿಸಿದರೆ ಮೌಲ್ಯ ಎಷ್ಟೇ ಇರಲಿ, ಇ-ವೇ ಬಿಲ್ ತೆಗೆಯಬೇಕು. ಹುದಿಕೇರಿಯಿಂದ ಮೈಸೂರಿಗೆ 40,000 ರೂ. ಮೌಲ್ಯದ ಮಾಲು ಬಿಲ್ಲಿಲ್ಲದೆ ಹೋಗಬಹುದು. ಅದಕ್ಕಿಂತ ಹತ್ತಿರದ ಮಾನಂದವಾಡಿಗೆ ಕುಟ್ಟ ದಾಟಿ ಹೋಗುವ ಒಂದೇ ಒಂದು ಬಳ್ಳಿಯ ಚಕ್ರಕ್ಕೆ, ಬೆಲೆ 350 ರೂ. ಆದರೂ, ಆ ಗೃಹಿಣಿ ಮೊದಲು ಕಂಪ್ಯೂಟರ್ ಮುಂದೆ ಕುಳಿತುಕೊಳ್ಳಬೇಕು.